ಡೊಂಬಿವಲಿಯ ಬೆಳಕಿಲ್ಲದ ಫ್ಲ್ಯಾಟು

೬ ನವೆಂಬರ್ ೧೯೮೩, ಭಾನುವಾರ

ಕೊನೆಗೂ ಮಾಲೀಕ ಬಾಯಿ ಬಿಟ್ಟ. ಚಾಳು ಕೆಡವುತ್ತಾನಂತೆ. ದೀಪಾವಳಿಯ ಹಣತೆ ಇನ್ನೂ ಹೊಸ್ತಿಲ ಮೇಲಿರುವಾಗಲೇ ಬಂದು, ನಾನು ಕೊಟ್ಟ ಚಕ್ಕುಲಿಯನ್ನು ಕಟಕಟ ತಿನ್ನುತ್ತಾ ಹೇಳಿದ. ಈ ಜಾಗದಲ್ಲಿ ನಾಲ್ಕು ಮಾಳಿಗೆಯ ಬಿಲ್ಡಿಂಗ್ ಏಳುತ್ತದಂತೆ, ಬಿಟ್ಟುಹೋಗುವವರಿಗೆ ಹಣ ಕೊಡುತ್ತಾನಂತೆ. ಥಾಣೆಯ ನೌಪಾಡಾದ ಈ ಎರಡು ಕೋಣೆಗೆ ನಾನು ಮದುಮಗಳಾಗಿ ಬಂದವಳು. ಇಲ್ಲೇ ಮುದುಕಿಯೂ ಆದೆ. ಎದ್ದು ಹೋಗು ಎಂದು ಹೇಳುವುದು ಅವನಿಗೆ ಚಕ್ಕುಲಿ ಮುರಿದಷ್ಟು ಸುಲಭ.

ಇವರು ಮಾತ್ರ ಒಳಗೊಳಗೇ ಖುಷಿಯಾಗಿದ್ದಾರೆ. ಮುಂದಿನ ವರ್ಷ ರಿಟೈರ್ ಆಗುವವರು. ಓನರ್‌ಶಿಪ್ ಫ್ಲ್ಯಾಟು ತೆಗೆದುಕೊಳ್ಳೋಣ, ಗೊತ್ತಿಲ್ಲದ ಊರಿಗೆ ಹೋಗೋಣ ಎನ್ನುತ್ತಾರೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೇ ತಿಂಗಳಿನಿಂದ ಈ ಚಾಳಿನವರೆಲ್ಲ ನಮ್ಮನ್ನು ನೋಡಿದ ಕೂಡಲೇ ಮಾತು ನಿಲ್ಲಿಸುತ್ತಾರೆ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ ಎಂದು ಆಗಲೇ ನಿಶ್ಚಯಿಸಿದ್ದೇನೆ. ಇದ್ದವಳೊಬ್ಬಳೇ ಮಗಳು. ಬ್ಯಾಂಕಿನ ಕೆಲಸ, ಓದು, ರೂಪ, ಯಾವುದಕ್ಕೂ ಕಡಿಮೆ ಇರಲಿಲ್ಲ. ಕನ್ನಡ ಸಂಘದ ನಾಟಕಕ್ಕೆಂದು ಹೋದವಳು ಕಲಬುರಗಿ ಕಡೆಯ ಆ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತಳು. ಅವನದು ಮಹಾಪೆಯ ಫ್ಯಾಕ್ಟರಿಯಲ್ಲಿ ವಾಯರ್‌ಮನ್ ಕೆಲಸ. ತಾಯಿ ಬಿಲ್ಡಿಂಗುಗಳಲ್ಲಿ ಇಟ್ಟಿಗೆ ಹೊತ್ತವಳು. ಜಾತಿ ಕೇಳುವ ಹಾಗೇ ಇಲ್ಲ. ಇವರು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಜನಿವಾರ ಬದಲಿಸಿದರು. ಅವಳು ಅದನ್ನು ನೋಡಿಕೊಂಡೇ ಮೆಟ್ಟಿಲಿಳಿದಳು.

ಈ ಸಲ ನರಕ ಚತುರ್ದಶಿಗೆ ಎಣ್ಣೆ ಕಾಯಿಸಿದೆ. ಹಚ್ಚಲು ತಲೆ ಇರಲಿಲ್ಲ.

೨೦ ನವೆಂಬರ್, ಭಾನುವಾರ

ವಾಶಿ ನೋಡಿ ಬಂದೆವು. ಥಾಣೆಯಿಂದ ಬಸ್ಸು. ದಾರಿಯುದ್ದಕ್ಕೂ ಕೆಮಿಕಲ್ ಫ್ಯಾಕ್ಟರಿಗಳ ನಾತ. ಸೆರಗನ್ನು ಮೂಗಿಗೆ ಹಿಡಿದವಳು ಇಳಿಯುವ ತನಕ ಬಿಡಲಿಲ್ಲ. ಇವರಿಗೆ ಆ ನಾತವೇ ಬರಲಿಲ್ಲವಂತೆ.

ಇಳಿದ ಮೇಲೆ ಇವರನ್ನು ಹಿಡಿಯುವವರಿಲ್ಲ. ನೋಡು ರಸ್ತೆ, ನೋಡು ಗಾಳಿ, ನೋಡು ಬಿಲ್ಡಿಂಗಿನ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ! ಎಲ್ಲ ಸರ್ಕಾರದವರು ಗೆರೆ ಎಳೆದು ಕಟ್ಟಿಸಿದ್ದಂತೆ. ಹೌದು, ಚೆಂದವಿದೆ. ಆದರೆ ರಸ್ತೆ ಅಷ್ಟು ಅಗಲ ಇದ್ದರೆ ಮನುಷ್ಯರು ದಾಟುವುದು ಯಾವಾಗ? ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಒಬ್ಬ ಹೆಂಗಸನ್ನು ಕೇಳಿದೆ. ಅವಳು ಬೇರೆ ಸೆಕ್ಟರಿನ ಹೆಸರು ಹೇಳಿ ಕೈ ತೋರಿಸಿದಳು, ಆ ಕೈ ತೋರಿಸಿದ ಕಡೆ ಬರೀ ಹುಲ್ಲು. ಡಾಕ್ಟರರಿಗೆ ಬಸ್ಸು, ದೇವಸ್ಥಾನಕ್ಕೆ ಬಸ್ಸು. ರೈಲು ಎಂದೋ ಬರುತ್ತದಂತೆ. ಸಾಯುವವರು ಅಲ್ಲಿಯ ತನಕ ಕಾಯಬೇಕು.

ಇಲ್ಲಿಗೆ ಯಾರೂ ಸುಮ್ಮನೆ ನಡೆದುಕೊಂಡು ಬರುವ ಹಾಗಿಲ್ಲ ಎಂದೆ. ಅದೇ ಒಳ್ಳೆಯದು ಎಂದರು ಇವರು.

೨೭ ನವೆಂಬರ್, ಭಾನುವಾರ

ಅವಳ ಬ್ಯಾಂಕಿನ ಹುಡುಗಿಯೊಬ್ಬಳು ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. ನಾನು ಕೇಳದಿದ್ದರೂ ಶುರು ಮಾಡಿದಳು. ಡೊಂಬಿವಲಿಯಲ್ಲಿದ್ದಾಳಂತೆ. ನಾನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಬೆಂಡೆಕಾಯಿ ಆರಿಸುತ್ತಿದ್ದೆ. ಪೂರ್ವಕ್ಕೆ ಇಳಿದು, ಮಾನಪಾಡಾ ರಸ್ತೆ ಹಿಡಿದು, ಹಿಟ್ಟಿನ ಗಿರಣಿ ಕಳೆದ ಮೇಲೆ ಎಡಕ್ಕೆ ಗಲ್ಲಿ, ದತ್ತ ಮಂದಿರದ ಹಿಂದಿನ ಬಿಲ್ಡಿಂಗು, ಮೊದಲನೇ ಮಾಳಿಗೆ. ನನಗೇಕೆ ಅದೆಲ್ಲ.

೧೧ ಡಿಸೆಂಬರ್, ಭಾನುವಾರ

ಕಲ್ಯಾಣ. ಇವರ ಚಿಕ್ಕಪ್ಪನ ಮಗ ಕಿಟ್ಟುವಿಗೆ ಅಲ್ಲಿ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಅವನಿಗೆ ಕಲ್ಯಾಣ ಬಿಟ್ಟರೆ ಭೂಮಿಯೇ ಇಲ್ಲ. ಇಂತಹ ಜಂಕ್ಷನ್ ಎಲ್ಲಿದೆ ಅತ್ತಿಗೆ, ಎಲ್ಲ ಮೇಲ್ ಗಾಡಿಯೂ ಇಲ್ಲಿ ನಿಲ್ಲಲೇಬೇಕು ಎನ್ನುತ್ತಾನೆ. ಮೇಲ್ ಗಾಡಿ ನಿಂತರೆ ನನ್ನ ಅಡುಗೆಮನೆಗೆ ಏನು ಬಂತು?

ಹಳೆಯ ಪೇಟೆ ನನಗೆ ಹಿಡಿಸಿತು. ಬೆಲ್ಲದ ಅಂಗಡಿ, ಪಾತ್ರೆಯವರು, ಒಂದು ಗಲ್ಲಿಯಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಡಬಹುದು. ಆದರೆ ಅಲ್ಲಿ ಫ್ಲ್ಯಾಟುಗಳಿಲ್ಲ, ಇರುವುದೆಲ್ಲ ಹಳೆಯ ವಾಡೆಗಳು. ಹೊಸ ಬಿಲ್ಡಿಂಗುಗಳು ಊರ ಹೊರಗೆ, ಮುರಬಾಡ ರಸ್ತೆಯ ಕಡೆ. ಟಾಂಗಾದಲ್ಲಿ ಕೂತು ಹೋಗಿ ಬರುವಷ್ಟರಲ್ಲಿ ಸೊಂಟ ಹೋಯಿತು. ಪೇಟೆ ಬೇಕಾದವರು ಪೇಟೆಯಲ್ಲಿ ಇರುವ ಹಾಗಿಲ್ಲ, ಮನೆ ಬೇಕಾದವರಿಗೆ ಪೇಟೆಯಿಲ್ಲ.

ಬರುವಾಗ ನಮ್ಮ ಲೋಕಲ್ ಡೊಂಬಿವಲಿಯಲ್ಲಿ ನಿಂತಿತು. ಇವರು ಪೇಪರು ಅಡ್ಡ ಹಿಡಿದರು. ನಾನು ಕಿಟಕಿಯಲ್ಲಿ ಕೂತಿದ್ದೆ. ಎಷ್ಟು ಜನ, ದೇವರೇ. ಅವಳು ಅಂದು ಉಟ್ಟಿದ್ದಂಥ ಹಸಿರು ಸೀರೆ ಕಂಡಲ್ಲೆಲ್ಲ ಕಣ್ಣು ಹೋಯಿತು, ಕುತ್ತಿಗೆ ನೋವು ಇನ್ನೂ ಇಳಿದಿಲ್ಲ.

೧೫ ಜನವರಿ ೧೯೮೪, ಭಾನುವಾರ

ಇವರು ಶೀತವೆಂದು ಮಲಗಿದ್ದರು. ಕಿಟ್ಟುವನ್ನು ಕರೆದುಕೊಂಡು ನಾನೇ ಡೊಂಬಿವಲಿ ನೋಡಿ ಬಂದೆ. ಎರಡು ಊರು ನೋಡಿದ ಮೇಲೆ ಮೂರನೆಯದನ್ನು ನೋಡದೆ ಬಿಡುವುದು ಸರಿಯಲ್ಲವಲ್ಲ.

ಬರೆದೇ ಇಡುತ್ತೇನೆ, ಇದು ಊರು. ಸ್ಟೇಷನ್ನಿನ ಮೆಟ್ಟಿಲು ಇಳಿದರೆ ಹೂವಿನವಳು, ಹೂವಿನವಳ ಪಕ್ಕ ತರಕಾರಿ, ಅದರ ಮೇಲೆ ದವಾಖಾನೆ, ಅದರ ಪಕ್ಕ ಶಾಲೆ, ವಾಚನಾಲಯ, ಟೈಲರು, ಗಣಪತಿ. ಕಾಲಿದ್ದರೆ ಸಾಕು, ಬಸ್ಸೂ ಬೇಡ, ಟಾಂಗಾವೂ ಬೇಡ. ಸಂಜೆ ಹೆಂಗಸರು ಚೀಲ ಹಿಡಿದು ರಸ್ತೆಯ ನಡುವೆಯೇ ನಿಂತು ಮಾತಾಡುತ್ತಾರೆ, ರಿಕ್ಷಾದವನೇ ಸುತ್ತಿ ಹೋಗಬೇಕು. ಬಿಲ್ಡಿಂಗುಗಳು ಮಾತ್ರ ಒಂದಕ್ಕೊಂದು ಭುಜ ತಾಗಿಸಿಕೊಂಡಿವೆ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿಯವರು ಸೀನುತ್ತಾರೆ.

ಏಜೆಂಟನಿಗೆ ದತ್ತ ಮಂದಿರದ ಹತ್ತಿರ ಇದ್ದರೆ ಆದೀತು ಎಂದೆ. ಈ ವಯಸ್ಸಿನಲ್ಲಿ ದೇವಸ್ಥಾನ ಹತ್ತಿರ ಇರಬೇಕು. ಅಲ್ಲಿ ಒಂದು ಬಿಲ್ಡಿಂಗ್ ಏಳುತ್ತಿದೆ, ಗೋಡೆ ಇನ್ನೂ ಹಸಿ. ಮುಂದಿನ ಫ್ಲ್ಯಾಟುಗಳನ್ನು ಅವನು ಹೆಮ್ಮೆಯಿಂದ ತೋರಿಸಿದ. ಹಿಂದೆ ಏನಿದೆ ಎಂದು ಕೇಳಿದೆ. ಬೇಡ ಬಾಯಿ, ಅದು ಕತ್ತಲು, ಅಡುಗೆಮನೆ ಹಿಂದಿನ ಬಿಲ್ಡಿಂಗಿಗೆ ಮುಖ ಮಾಡಿದೆ, ನಿಮ್ಮಂಥವರಿಗೆ ಅಲ್ಲ ಎಂದ. ಆದರೂ ಹೋಗಿ ನಿಂತೆ. ಕಿಟಕಿಯ ಜಾಗದಲ್ಲಿ ಬರೀ ತೂತು. ಎದುರು, ಕೈ ಚಾಚಿದರೆ ಸಿಗುತ್ತದೇನೋ ಎನ್ನುವಷ್ಟು ಹತ್ತಿರ, ಇನ್ನೊಂದು ಮನೆಯ ಕಿಟಕಿ. ಅದರ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಒಂದು ಸೀರೆ ಒಣಗುತ್ತಿತ್ತು. ಬಿಳಿಯ ಮೇಲೆ ನೀಲಿ ಎಲೆ.

ಅದು ಮುಕ್ತಾಳ ಸೀರೆ. ಮೊದಲ ಸಂಬಳದಲ್ಲಿ ದಾದರಿನಲ್ಲಿ ಕೊಂಡದ್ದು, ಫಾಲ್ ಹೊಲಿದದ್ದು ನಾನೇ.

ಕಿಟ್ಟು ಧೂಳು ಕಣ್ಣಿಗೆ ಬಿತ್ತಾ ಅತ್ತಿಗೆ ಎಂದು ಕೇಳಿದ. ಹೌದು ಎಂದೆ.

೧೯ ಜನವರಿ, ಗುರುವಾರ

ಮೂರು ದಿನದಿಂದ ಇವರಲ್ಲಿ ಮಾತಿಲ್ಲ. ಕಾಫಿ ಮಾತ್ರ ಇಡುತ್ತೇನೆ, ಸದ್ದಾಗುವ ಹಾಗೆ.

ಡೊಂಬಿವಲಿ ಬೇಡವೆನ್ನುವುದಕ್ಕೆ ಇವರಿಗೆ ನೂರು ಕಾರಣ. ಕಿಷ್ಕಿಂಧೆ, ಕರೆಂಟಿಲ್ಲ, ನೀರಿಲ್ಲ, ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ನಿಜವಾದ ಕಾರಣ ಇಬ್ಬರಿಗೂ ಗೊತ್ತು. ಕೊನೆಗೆ ನಾನೇ ಹೇಳಿದೆ, ಡೊಂಬಿವಲಿ ಎಂದರೆ ಜಾತ್ರೆ, ಅಷ್ಟು ಜನರಲ್ಲಿ ಯಾರು ಯಾರಿಗೆ ಸಿಗುತ್ತಾರೆ ಎಂದು. ನಿಮ್ಮ ವಾಶಿಯಲ್ಲಿ ನಿಮಗೆ ಎದೆನೋವು ಬಂದರೆ ನಾನು ಆ ಅಗಲ ರಸ್ತೆಯಲ್ಲಿ ನಿಂತು ಯಾರನ್ನು ಕೂಗಲಿ ಎಂದೂ ಕೇಳಿದೆ. ಆ ಮಾತಿಗೆ ಇವರು ತಲೆ ತಗ್ಗಿಸಿದರು.

೧೨ ಫೆಬ್ರವರಿ, ಭಾನುವಾರ

ಬುಕ್ ಮಾಡಿದೆವು. ಹಿಂದಿನ ಫ್ಲ್ಯಾಟೇ. ಗಾಳಿ ಬೆಳಕಿನ ಮುಂದಿನ ಮನೆ ಬಿಟ್ಟು ಈ ಗವಿ ಯಾಕೆ ಎಂದು ಇವರು ಕೇಳಿದರು. ರಸ್ತೆಯ ಗಲಾಟೆ ಇಲ್ಲ, ತಂಪು ಎಂದೆ. ಏಜೆಂಟನಿಗೇ ನಮ್ಮ ಮೇಲೆ ಕನಿಕರ ಬಂದು ಪೇಡೆ ತರಿಸಿಕೊಟ್ಟ.

೧೪ ಅಕ್ಟೋಬರ್, ಭಾನುವಾರ

ಬಹಳ ದಿನ ಬರೆದಿಲ್ಲ. ಬರೆಯುವುದೇನಿದೆ. ಇವರು ರಿಟೈರ್ ಆದರು, ಹಾರ ಹಾಕಿ ಗಡಿಯಾರ ಕೊಟ್ಟರು. ಬಿಲ್ಡಿಂಗು ಮಳೆಗಾಲವಿಡೀ ನಿಂತಲ್ಲೇ ನಿಂತಿತ್ತು.

ಕೆಲಸ ಎಲ್ಲಿಗೆ ಬಂತು ನೋಡುವ ನೆಪದಲ್ಲಿ ಇವತ್ತು ಒಬ್ಬಳೇ ಹೋದೆ. ಅಡುಗೆಮನೆಯಲ್ಲಿ ಸಿಮೆಂಟಿನ ಚೀಲಗಳು. ಅವುಗಳ ಹಿಂದೆ ನಿಂತೆ. ಎದುರು ಕಿಟಕಿಯಲ್ಲಿ ಮುಕ್ತಾ ಬಂದಳು. ಸೊಂಟಕ್ಕೆ ಕೈ ಕೊಟ್ಟು, ನಿಧಾನ. ಹೊಟ್ಟೆ ಬಂದಿದೆ. ಆರು ತಿಂಗಳು ಇರಬೇಕು. ಹಿಂದೆಯೇ ಒಬ್ಬ ಹೆಂಗಸು ಬಂದು ಅವಳನ್ನು ಕಿಟಕಿಯ ಬಳಿ ಕೂರಿಸಿ ತಲೆಗೆ ಎಣ್ಣೆ ಇಟ್ಟಳು. ಕಪ್ಪು, ದಪ್ಪ ಕೈಯ, ಇಳಕಲ್ ಸೀರೆಯ ಹೆಂಗಸು. ಆ ಹುಡುಗನ ತಾಯಿ. ಗಾರೆ ಹೊತ್ತ ಕೈ, ಆ ಕೂದಲಲ್ಲಿ ಹೇಗೆ ಆಡುತ್ತದೆ! ಒಂದು ಸಿಕ್ಕೂ ಎಳೆಯಲಿಲ್ಲ. ನಾನು ಎಣ್ಣೆ ಹಚ್ಚಿದರೆ ಮುಕ್ತಾ ಅಯ್ಯೋ ಅಮ್ಮ ಎಂದು ಕಿರುಚುತ್ತಿದ್ದಳು. ಈಗ ಕಣ್ಣು ಮುಚ್ಚಿ ಕೂತಿದ್ದಳು.

ನನ್ನ ಹೊಟ್ಟೆ ಉರಿಯಿತು. ಬರೆಯುವುದಕ್ಕೆ ನಾಚಿಕೆ ಏನು, ಉರಿಯಿತು.

ಮನೆಗೆ ಬಂದು ಪತ್ರೊಡೆ ಮಾಡಿದೆ. ಬಸುರಿಯರ ಬಯಕೆಯ ತಿಂಡಿ, ಅವಳಿಗೆ ಪ್ರಾಣ. ಇವರು ಎರಡು ತುಂಡು ತಿಂದು ಇವತ್ತೇನು ವಿಶೇಷ ಎಂದು ಕೇಳಿದರು. ಕೆಸುವಿನೆಲೆ ಅಗ್ಗವಾಗಿತ್ತು ಎಂದೆ.

೨೦ ಜನವರಿ ೧೯೮೫, ಭಾನುವಾರ

ಮೊನ್ನೆ ಹೆರಿಗೆಯಾಯಿತಂತೆ. ಹೆಣ್ಣು. ಬ್ಯಾಂಕಿನ ಹುಡುಗಿ ಹೇಳಿದಳು. ಚೊಚ್ಚಲ ಬಾಣಂತನ ತವರಿನದು. ಯಾರ ಮನೆಯ ಹೆಣ್ಣೇ ಆಗಲಿ, ಎಂಥ ಬಡವರೇ ಆಗಲಿ, ಚೊಚ್ಚಲು ತವರಿನದು. ಹಂಡೆಯಲ್ಲಿ ನೀರು ಕಾಯಿಸಿ ಎರೆಯಬೇಕಾದವಳು ನಾನು ಇಲ್ಲಿ ರೇಡಿಯೋ ಕೇಳುತ್ತಾ ಅಕ್ಕಿ ಆರಿಸುತ್ತಿದ್ದೇನೆ.

೨೮ ಫೆಬ್ರವರಿ, ಗುರುವಾರ

ಹೋಗುವುದೆಂದು ನಿಶ್ಚಯ ಮಾಡಿದೆ. ಇವರಿಗೆ ಹೇಳುವುದಿಲ್ಲ. ಮೆಂತ್ಯದ ಲೇಹ, ಕಷಾಯದ ಪುಡಿ, ಮಗುವಿಗೆ ತೇಯಲು ಬಜೆ ಎಲ್ಲ ಕಟ್ಟಿಟ್ಟೆ. ಪಂಚಾಂಗ ನೋಡಿದೆ, ಶನಿವಾರ ಏಕಾದಶಿ. ಒಳ್ಳೆಯ ದಿನ. ಅಡುಗೆಯಿಲ್ಲ, ಬಿಡುವೂ ಆಯಿತು. ಈ ಸಲ ಮಗುವಿನ ಹೆಸರಿನಲ್ಲಿ ನಿರ್ಜಲ ಮಾಡೋಣ ಎಂದು ಮನಸ್ಸಾಗಿದೆ. ಹೊಟ್ಟೆಯಲ್ಲಿ ಹುಣ್ಣು ಎಂದು ಡಾಕ್ಟರರು ಹೇಳಿದಂದಿನಿಂದ ಏಕಾದಶಿಗೂ ಕಾಫಿ ಅವಲಕ್ಕಿ ಬಿಟ್ಟವಳಲ್ಲ. ಅದನ್ನು ಶುರು ಮಾಡಿಸಿದವಳೇ ಮುಕ್ತಾ, ಎಂಟನೇ ಕ್ಲಾಸಿನಲ್ಲಿದ್ದಾಗ, ಎದುರು ಕೂತು ಲೋಟ ಬಾಯಿಗೆ ಹಿಡಿದು. ಒಂದು ದಿನ ನೀರು ಬಿಟ್ಟರೆ ಏನೂ ಆಗುವುದಿಲ್ಲ.

೨ ಮಾರ್ಚ್, ಶನಿವಾರ

ಹೋಗಿದ್ದೆ.

ಆ ಹುಡುಗನ ತಾಯಿ ಗುರಮ್ಮ ಬಾಗಿಲು ತೆಗೆದಳು. ಯಾರೆಂದು ಹೇಳಬೇಕಾಗಲಿಲ್ಲ, ಮುಖದಲ್ಲೇ ಗುರುತು ಹಿಡಿದಳು. “ಬರ್ರಿ ಬೀಗತ್ಯಾರೆ, ಹೊರಗ ಯಾಕ ನಿಂತೀರಿ, ನಿಮ್ಮದೇ ಮನಿ” ಎಂದು ಕೈ ಹಿಡಿದು ಒಳಗೆ ಕರೆದಳು. ಒಂದು ಕೋಣೆ, ಒಂದು ಅಡುಗೆಮನೆ. ನೆಲ ಕನ್ನಡಿಯ ಹಾಗೆ. ಮುಕ್ತಾ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಬಾಯಿ ಬಿಗಿಹಿಡಿದು ಅತ್ತಳು. ನಾನೂ ಅತ್ತೆ. ಮಗುವನ್ನು ತೊಡೆಯ ಮೇಲೆ ಹಾಕಿದರು. ಇವರ ಹಣೆ, ಅದೇ ಗಂಟು. ಹೆಸರು ಭಾಗೀರಥಿ. ಇವರ ತಾಯಿಯ ಹೆಸರು. ಇಟ್ಟವಳು ಮುಕ್ತಾ, ಗುರಮ್ಮ ಬಾಗಿ ಎಂದು ಕರೆಯುತ್ತಾಳೆ.

ನಾನು ಕೊಟ್ಟ ಲೇಹದ ಡಬ್ಬಿಯನ್ನು ಗುರಮ್ಮ ಕಣ್ಣಿಗೊತ್ತಿಕೊಂಡು ಅಲ್ಲೇ ಬೆರಳಿಗೆ ತೆಗೆದು ನೆಕ್ಕಿ, ಛಲೋ ಆಗೇದ ಎಂದಳು. ಆಮೇಲೆ ಒಳಗಿಂದ ತಾಟಿನಲ್ಲಿ ಅಂಟಿನ ಉಂಡೆ, ಹಿತ್ತಾಳೆಯ ಚೆಂಬಿನಲ್ಲಿ ನೀರು ತಂದಳು. ಚೆಂಬು ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಇವತ್ತು ಏಕಾದಶಿ, ನಿರ್ಜಲ ಎಂದೆ. ಅವಳು ಒಂದಿಷ್ಟೂ ಬೇಸರ ಮಾಡಲಿಲ್ಲ. “ದೇವರ ಉಪಾಸ ಇದ್ರ ಬ್ಯಾಡ ಬಿಡ್ರಿ, ನಾಳಿಗಿ ಬರ್ರಿ, ಊಟಾನೇ ಮಾಡೀರಂತ” ಎಂದು ತಾಟು ಒಳಗೆ ಒಯ್ದಳು.

ಮುಕ್ತಾಳ ಅಳು ನಿಂತಿತ್ತು. ಅತ್ತೆ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು.

“ಅಮ್ಮ, ನೀನು ನಿರ್ಜಲ ಬಿಟ್ಟು ಎಷ್ಟು ವರ್ಷ ಆಯ್ತು?”

ಮಗುವಿನ ಹೆಸರಿನಲ್ಲಿ ಮಾಡಿದ್ದು ಎಂದೆ.

“ಪಂಚಾಂಗ ನೋಡಿ ಬಂದಿದ್ದಿ ನೀನು. ಬೇರೆ ದಿನ ಬಂದ್ರೆ ಕುಡೀಬೇಕಾಗ್ತದೆ ಅಂತ.”

ಅವಳು ಎದ್ದು ಬಂದು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು.

“ನನ್ನ ಹೊಲಸು ಬಳಿದ ಕೈ ಅದು ಅಮ್ಮ. ಆ ಕೈಯ ನೀರು ಬೇಡ ಅನ್ನುವವರು ನನ್ನ ಮಗುವನ್ನು ಮುಟ್ಟೋದು ಬೇಡ. ಅಪ್ಪ ಎದುರೇ ಸ್ನಾನ ಮಾಡಿದ್ರು. ನೀನು ತಿಥಿ ಹುಡುಕಿ ಬಂದೆ. ಇನ್ನು ಬರಬೇಡ.”

ಮೆಟ್ಟಿಲು ಇಳಿಯುವಾಗ ಗುರಮ್ಮ ಮೇಲಿಂದ, ಇಷ್ಟು ಲಗೂನ ಹೊಂಟ್ರಿ ಎಂದು ಕೇಳಿದ್ದು ಕಿವಿಗೆ ಬಿತ್ತು. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

೩ ಮಾರ್ಚ್, ಭಾನುವಾರ

ದ್ವಾದಶಿ. ಪಾರಣೆಗೆ ಬೇಗ ಅಡುಗೆ ಮಾಡಿದೆ. ನಿನ್ನೆ ಏಕಾದಶಿ ಇದ್ದದ್ದು ನಿಜ, ಪಂಚಾಂಗದಲ್ಲಿ ಇದೆ. ಆದರೂ ಅವಳು ಹೇಳಿದ್ದು ಸುಳ್ಳು ಎಂದು ಬರೆಯಲು ಹೋದರೆ ಕೈ ಓಡುತ್ತಿಲ್ಲ.

೧೯ ಮಾರ್ಚ್, ಮಂಗಳವಾರ

ಫ್ಲ್ಯಾಟು ಸಿದ್ಧವಂತೆ. ಬೇಡ, ವಾಶಿಗೇ ಹೋಗೋಣ ಎಂದೆ ಇವರಿಗೆ. ಹುಚ್ಚು ಹಿಡಿದಿದೆಯಾ ನಿನಗೆ, ಇರುವ ದುಡ್ಡೆಲ್ಲ ಅದಕ್ಕೇ ಸುರಿದಾಯಿತು ಎಂದರು. ಚಾಳಿನ ಮಾಡು ಆಚೆ ಕಡೆಯಿಂದ ತೆಗೆಯಲು ಶುರು ಮಾಡಿದ್ದಾರೆ.

೨೩ ಏಪ್ರಿಲ್, ಮಂಗಳವಾರ

ನಿನ್ನೆ ಅಕ್ಷಯ ತೃತೀಯ ಎಂದು ಡೊಂಬಿವಲಿಯಲ್ಲಿ ಹಾಲು ಉಕ್ಕಿಸಿದೆವು. ಕಿಟ್ಟು ಒಬ್ಬನೇ ಬಂದಿದ್ದ. ಎಲ್ಲ ಕಾಲ ಬುಡದಲ್ಲೇ ಇದೆ, ಅತ್ತಿಗೆ ಗೆದ್ದರು ಎಂದು ಹೊಗಳಿದ. ಹೌದು. ತರಕಾರಿ ಹತ್ತಿರ, ದೇವಸ್ಥಾನ ಹತ್ತಿರ, ಡಾಕ್ಟರು ಹತ್ತಿರ.

ಅಡುಗೆಮನೆಯ ಕಿಟಕಿಗೆ ಈಗ ಗಾಜಿನ ಬಾಗಿಲು ಬಂದಿದೆ. ತೆಗೆದೆ. ಎದುರಿನದೂ ತೆಗೆದಿತ್ತು. ಸೀರೆ ತೊಟ್ಟಿಲು ಕಟ್ಟಿದ್ದಾರೆ, ಅದರ ಜೋಲಿ ಕಾಣುತ್ತದೆ.

೨ ಮೇ, ಗುರುವಾರ

ಮಗು ಬೆಳಿಗ್ಗೆ ಎದ್ದ ಕೂಡಲೇ ಅಳುವುದು ಹಸಿವಿಗೆ. ಮಧ್ಯಾಹ್ನದ್ದು ಬೇರೆ, ಕಾಲು ಮಡಚಿ ಕೀರಲಾಗಿ ಅಳುತ್ತದೆ, ಅದು ಹೊಟ್ಟೆಯ ಗಾಳಿ. ಗುರಮ್ಮನವರು ಓಮದ ಶಾಖ ಕೊಡುತ್ತಾರೆ, ಇಲ್ಲಿಗೇ ವಾಸನೆ ಬರುತ್ತದೆ. ಸರಿಯಾದದ್ದನ್ನೇ ಮಾಡುತ್ತಾರೆ. ನಾನಾಗಿದ್ದರೆ ಬಜೆಯನ್ನೂ ತೇಯುತ್ತಿದ್ದೆ. ಆಮೇಲೆ ನೋಡಿದರೆ ಅವರೂ ತೇಯುತ್ತಿದ್ದರು. ನಾನು ಕೊಟ್ಟದ್ದೇ ಇರಬಹುದು.

ಇವರು ಕಾಫಿಗೆಂದು ಅಡುಗೆಮನೆಗೆ ಬಂದಾಗ ಗುರಮ್ಮನವರು ಅಲ್ಲಿಂದ ಬಾಗಿ, ಬಾಗವ್ವ ಎಂದು ಆಡಿಸುತ್ತಿದ್ದರು. ಇವರು ನಿಂತು ನೋಡಿದರು. ಅಷ್ಟರಲ್ಲಿ ಮುಕ್ತಾ ಬೆನ್ನು ತಿರುಗಿಸಿ ತೊಟ್ಟಿಲ ಬಳಿ ಬಂದಳು. ಇವರು ಲೋಟ ಕೆಳಗಿಟ್ಟರು.

“ಇದಕ್ಕಾ ಈ ಮನೆ?” ಎಂದರು.

ಇದಕ್ಕೇ ಎಂದೆ. ಮಗುವಿನ ಹೆಸರನ್ನೂ ಹೇಳಿದೆ. ಬಯ್ಯುತ್ತಾರೆ ಎಂದು ಕಾದೆ. ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ತಲೆ ಒದ್ದೆಯಾಗಿರಲಿಲ್ಲ, ಕಣ್ಣು ಕೆಂಪಗಿತ್ತು.

೯ ಮೇ, ಗುರುವಾರ

ಇವರು ಈಗ ಅಡುಗೆಮನೆಯಲ್ಲೇ ಸ್ಟೂಲು ಹಾಕಿಕೊಂಡು ಪೇಪರು ಓದುತ್ತಾರೆ. ಹೊರಗಿನ ಕೋಣೆಯಲ್ಲಿ ಫ್ಯಾನು ಇದೆಯಲ್ಲ ಎಂದರೆ ಇಲ್ಲಿ ತಂಪು ಎನ್ನುತ್ತಾರೆ. ಬೆವರು ತೊಟ್ಟಿಕ್ಕುತ್ತಿರುತ್ತದೆ. ಪುಟ ತಿರುಗುವುದಿಲ್ಲ.

೧೩ ಮೇ, ಸೋಮವಾರ

ಮುಕ್ತಾ ನಮ್ಮನ್ನು ನೋಡಿದಳು.

ಒಣಗಿದ ಬಟ್ಟೆ ತೆಗೆಯುತ್ತಿದ್ದವಳು ಕತ್ತೆತ್ತಿದಳು. ನಾನೂ ಇವರೂ ಜೊತೆಗೇ ನಿಂತಿದ್ದೆವು. ಎಷ್ಟು ಹತ್ತಿರ ಎಂದರೆ ಅವಳ ಹಣೆಯ ಬೆವರು ಕಾಣುತ್ತಿತ್ತು. ಅವಳು ಬಟ್ಟೆಯನ್ನು ಎದೆಗೆ ಅವುಚಿಕೊಂಡು ಕಿಟಕಿ ಹಾಕಿದಳು. ದಢಾರ್ ಎಂದು ಹಾಕಲಿಲ್ಲ. ಮೆಲ್ಲಗೆ ಹಾಕಿ ಒಳಗಿಂದ ಚಿಲಕ ಏರಿಸಿದಳು.

೧೭ ಮೇ, ಶುಕ್ರವಾರ

ಕಿಟಕಿ ಹಾಗೇ ಇದೆ. ಇಂಥ ಸೆಕೆಯಲ್ಲಿ. ಮಗುವಿನ ಅಳು ಗಾಜಿನ ಹಿಂದಿನಿಂದ ಕೇಳುತ್ತದೆ. ಇದು ಹಸಿವಿನದಲ್ಲ, ಹೊಟ್ಟೆಯದೂ ಅಲ್ಲ. ಇಂಥ ಅಳು ನನಗೆ ಗೊತ್ತಿಲ್ಲ.

೨೦ ಮೇ, ಸೋಮವಾರ

ತರಕಾರಿ ಗಲ್ಲಿಯಲ್ಲಿ ಗುರಮ್ಮನವರು ಸಿಕ್ಕಿದರು. ಈ ಊರಿನಲ್ಲಿ ಸಿಗದೇ ಇರುವ ಹಾಗೇ ಇಲ್ಲ, ಎಲ್ಲರೂ ಅದೇ ಎರಡು ಗಲ್ಲಿಯಲ್ಲಿ ನಡೆಯುತ್ತಾರೆ. ಬಿಸಿಲಿಗೋ, ಅವರನ್ನು ನೋಡಿದ ಗಾಬರಿಗೋ, ನನಗೆ ತಲೆ ತಿರುಗಿತು. ಅವರು ನನ್ನನ್ನು ಗಿರಣಿಯ ಕಟ್ಟೆಯ ಮೇಲೆ ಕೂರಿಸಿ ಸೆರಗಿನಿಂದ ಗಾಳಿ ಹಾಕಿದರು, ಚೀಲದಲ್ಲಿದ್ದ ಬಾಟಲಿಯ ನೀರು ಕುಡಿಸಿದರು. ಅದನ್ನು ಕುಡಿದ ಮೇಲೆ ಕಣ್ಣು ಬಿಟ್ಟೆ.

ಮಗು ಹೇಗಿದೆ ಎಂದು ಕೇಳಿದೆ. ಮೈ ತುಂಬ ಬೆವರುಸಾಲೆಯಂತೆ. ಕುತ್ತಿಗೆ, ಬೆನ್ನು, ಎಲ್ಲ ಕೆಂಪು. ನಿದ್ದೆಯೇ ಇಲ್ಲವಂತೆ. ಆ ಮನೆಗೆ ಇರುವುದು ಅದೊಂದೇ ಗಾಳಿಯ ಕಿಟಕಿ. ತೆಗೆಯಬಹುದಲ್ಲ ಎಂದೆ. ಅವರು ಚೀಲದ ಬಾಯಿ ಸರಿ ಮಾಡಿದರು.

“ನಾ ಭಾಳ ಹೇಳ್ದೆರಿ ಅಕ್ಕಾರೆ. ನಿಮ್ಮ ಮಾರಿ ಕಂಡ್ರ ಅಕಿಗಿ ಅಳು ಬರ್ತದಂತ. ಅತ್ರ ಹಾಲು ಬತ್ತತದಂತ ಅಂಜತಾಳ. ಅದಕ ತೆಗ್ಯಾಕ ಬಿಡವಲ್ಲಳು.”

ಸಿಟ್ಟು ಇಳಿಯುತ್ತದೆ, ನಾನು ಹೇಳುತ್ತಿರುತ್ತೇನೆ ಎಂದು ನನ್ನ ಬೆನ್ನು ಸವರಿ ಹೋದರು. ಮನೆಗೆ ಬಂದ ಮೇಲೆ ನೆನಪಾಯಿತು, ನಾನು ಕೊಂಡ ತೊಂಡೆಕಾಯಿ ಅಲ್ಲೇ ಬಿಟ್ಟು ಬಂದಿದ್ದೇನೆ.

೨೧ ಮೇ, ಮಂಗಳವಾರ

ಬೆಳಿಗ್ಗೆ ಇವರು ದತ್ತ ಮಂದಿರಕ್ಕೆ ಹೋದಾಗ ಅಡುಗೆಮನೆಯ ಕಿಟಕಿ ಹಾಕಿದೆ. ಚಿಲಕ ಹಾಕಿದ್ದು ಎದುರಿನವರಿಗೆ ಕಾಣಬೇಕಲ್ಲ. ಅದಕ್ಕೆ ನನ್ನ ಕಂದು ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹರಡಿ ಸುತ್ತಲೂ ಮೊಳೆ ಹೊಡೆದೆ. ಕಲ್ಲುಗುಂಡು ಒಂದೆರಡು ಸಲ ಬೆರಳಿಗೂ ಬಿತ್ತು. ಅಡುಗೆಮನೆ ಈಗ ನಿಜವಾಗಿ ಗವಿ, ಹಗಲೇ ದೀಪ ಹಾಕಬೇಕು.

ಮಧ್ಯಾಹ್ನದ ತನಕ ಏನೂ ಇಲ್ಲ. ಅಳು ಕೇಳುತ್ತಲೇ ಇತ್ತು. ಆಮೇಲೆ ಎದುರು ಚಿಲಕ ಸರಿದ ಸದ್ದಾಯಿತು, ಕಿಟಕಿಯ ಎರಡೂ ಬಾಗಿಲು ತೆರೆದವು. ಗುರಮ್ಮನವರು ಹಾಂ, ಈಗ ಗಾಳಿ ಬಂತ್ ನೋಡು ಬಾಗಿ ಎಂದರು. ಅಳು ಸಣ್ಣಗಾಯಿತು, ನಿಂತಿತು.

ಇವರು ಬಂದು ಸ್ಟೂಲು ಹುಡುಕಿದರು. ಕಿಟಕಿ ನೋಡಿ ನನ್ನ ಮುಖ ನೋಡಿದರು.

“ಎಂತ ಮಾಡಿದೆ ಮಾರಾಯ್ತಿ. ತೆಗಿ ಅದನ್ನು.”

ನಾವು ತೆಗೆದರೆ ಅವರು ಹಾಕುತ್ತಾರೆ ಎಂದೆ. ಗುರಮ್ಮನವರು ಹೇಳಿದ್ದನ್ನು ಹೇಳಿದೆ. ಇವರು ಮೊಳೆಯೊಂದನ್ನು ಮುಟ್ಟಿ ಕೈ ತೆಗೆದರು.

ಆಗ ಆಚೆ ಮಗು ಏನೋ ಸದ್ದು ಮಾಡಿತು. ಅಳು ಅಲ್ಲ. ಹೊಸದಾಗಿ ಕಲಿತದ್ದು ಇರಬೇಕು, ತನ್ನಷ್ಟಕ್ಕೆ ತಾನೇ, ಊ ಊ ಎಂದು. ಮುಕ್ತಾ ಹೌದಾ, ಹೌದಾ ಎಂದು ಉತ್ತರ ಕೊಡುತ್ತಿದ್ದಳು. ಇವರು ಸ್ಟೂಲನ್ನು ಗೋಡೆಗೆ ತಾಗುವ ಹಾಗೆ ಎಳೆದುಕೊಂಡು, ಸೀರೆಯ ಹತ್ತಿರ ಕಿವಿ ಇಟ್ಟು ಕೂತರು. ನಾನು ಅಕ್ಕಿ ತೊಳೆದು ಇಟ್ಟಿದ್ದೆ. ಕುಕ್ಕರ್ ಕೂಗಿದರೆ ಕೇಳಿಸುವುದಿಲ್ಲವೆಂದು ಒಲೆ ಹೊತ್ತಿಸಲಿಲ್ಲ.